ಒಂದು ಮೊರ ತೌಡು

ಗಜೇಂದ್ರಗಡ
ತಾ. ೨೦-೮-೧೯೫೭

ಗೆಳತಿ ನೀಲವ್ವನಿಗೆ ಹೊನ್ನವ್ವನ ಶರಣಾರ್ಥಿ.

ನಿನ್ನ ಪತ್ರ ಪಂಚಮಿಗೆ ಮೊದಲೇ ಬಂದಿತ್ತು. ಉತ್ತರ ಇಷ್ಟು ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಅಥವಾ ಮಾಡಿಕೋ, ನನಗೂ ನಿನ್ನ ಮೇಲೆ ಬೇಸರವಿದೆ, ಸರಿಗೆ ಸರಿಯಾಗುತ್ತದೆ. ಬರೆಯಲು ಕುಳಿತಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲಿ ಕಟ್ಟಿದ ಉಂಡಿ ಒಡೆಯುತ್ತದೆ ಎಂದು ನಮ್ಮತ್ತೆ ಸಿದ್ದವ್ವನವರು ಹೇಳುತ್ತಿರುತ್ತಾರೆ. ಈ ಸಲ ನಮ್ಮ ಮನೆಯ ಶೇಂಗಾದ ಉಂಡಿಗಳು ನಿಜವಾಗಿಯೂ ಒಡೆದವು. ಹಬ್ಬ ಮುಗಿಯಲಿ, ಆಮೇಲೆ ಬರೆದರಾಯಿತು ಎಂದು ಬಿಟ್ಟೆ.

ಇಲ್ಲಿ ಎಲ್ಲರೂ ಆರಾಮ. ಹೆಸರುಕಾಯಿ ಬಿಡಿಸುವ ಕೆಲಸ ನಡೆದಿದೆ. ಇವರ ನೂಲಿನ ಅಂಗಡಿ ಹೇಗೋ ಸಾಗಿದೆ. ನೇಕಾರರು ಉದ್ರಿ ಒಯ್ಯುತ್ತಾರೆ, ಇವರು ಬಾಯಿ ಬಿಟ್ಟು ಬಾಕಿ ಕೇಳುವುದಿಲ್ಲ. ನಿಮ್ಮ ಯಜಮಾನರಿಗೆ, ಗುರುಸಂಗಪ್ಪನವರಿಗೆ, ನನ್ನ ಶರಣು ತಿಳಿಸು.

ಪುರ್ತಗೇರಿಯ ಶಾಲೆಯಲ್ಲಿ ನಮ್ಮಿಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸಿ ಮಾಸ್ತರರು, ‘ಪತ್ರ ಬರಿಯೂದು ಪುಸ್ತಕದ ಮಾತಿನಾಗ, ಬಾವಿ ಕಟ್ಟಿ ಮ್ಯಾಲೆ ಜಗಳಾಡೂ ಮಾತಿನಾಗಲ್ಲ’ ಎಂದದ್ದು ನೆನಪಿದೆಯೇ? ಇಂದು ಪುಸ್ತಕದ ಮಾತಿನಲ್ಲೇ ಜಗಳಾಡುತ್ತೇನೆ.

ನೀನು ಬರೆದದ್ದರಲ್ಲಿ ಮುಕ್ಕಾಲು ಪಾಲಿಗೆ ನನ್ನ ತಕರಾರಿಲ್ಲ. ಗುರುಸಂಗಪ್ಪನವರ ಅಣ್ಣತಮ್ಮಂದಿರು ಪಾಲಿನ ಮಾತು ತೆಗೆದಿದ್ದಾರೆ. ದತ್ತಕದ ಕಾಗದವಿಲ್ಲದಿದ್ದರೆ ನಾಳೆ ಮಗುವನ್ನು ಎದುರಿಗೆ ನಿಲ್ಲಿಸಿ ಇದು ಯಾರ ಕೂಸು ಎಂದು ಕೇಳುತ್ತಾರೆ. ಖರೆ. ಹೊಸ ಕಾಯಿದೆ ಬಂದಿದೆ, ಈಗ ಹೆಣ್ಣುಮಗುವನ್ನೂ ದತ್ತಕ ತೆಗೆದುಕೊಳ್ಳಬಹುದು, ಆದರೆ ಹೆತ್ತವರು ಕೈಯಾರೆ ಕೊಡಬೇಕು, ನೀವು ಕೈಯಾರೆ ಪಡೆಯಬೇಕು ಎಂದು ರೋಣದ ವಾಸುದೇವರಾವ್ ವಕೀಲರು ಹೇಳಿದರೆಂದು ಬರೆದಿದ್ದೀಯ. ಅದಕ್ಕೂ ಒಪ್ಪಿಗೆ. ಆದರೆ ಕಡೆಗೆ ಬರೆದೆಯಲ್ಲ: ‘ಹೊನ್ನಿ, ಕಾಗದ ಆದಮ್ಯಾಲೆ ಆಕಿಗೆ ಎಂದೂ ತಿಳೀಬಾರದು. ನೀ ಚಿಗವ್ವ ಆಗೇ ಇರು, ಅವ್ವ ಆಗಬ್ಯಾಡ. ಪಂಚಮಿ ಉಂಡಿ ಕಳಸಬ್ಯಾಡ, ಮಂದಿ ಕೇಳತಾರ.’ ನೀಲಾ, ಇಡೀ ಪತ್ರದಲ್ಲಿ ಅಲ್ಲಿ ಮಾತ್ರ ನೀನು ಪುಸ್ತಕದ ಮಾತು ಬಿಟ್ಟಿದ್ದೀಯ. ಅದಕ್ಕೇ ಅದು ನಿನ್ನ ಹೊಟ್ಟೆಯೊಳಗಿನ ಮಾತೆಂದು ತಿಳಿಯಿತು.

ಹಿಂದೆ ಆದದ್ದನ್ನೆಲ್ಲ ಮರೆತವಳಂತೆ ಬರೆದಿದ್ದೀಯ, ಆದ್ದರಿಂದ ನೆನಪಿಸುತ್ತೇನೆ. ನನ್ನ ಮೂರು ಕೂಸುಗಳು ಒಂದರ ಹಿಂದೊಂದು, ವರ್ಷ ತುಂಬುವ ಮೊದಲೇ ಮಣ್ಣಿಗೆ ಹೋದವು. ನಾಲ್ಕನೆಯದು ಪುರ್ತಗೇರಿಯ ನನ್ನ ತವರಿನಲ್ಲಿ ಪಂಚಮಿಯ ಮುಂಜಾನೆ ಹುಟ್ಟಿತು. ವಿಧಿಯ ಕಣ್ಣು ತಪ್ಪಿಸಲು ಹಿರಿಯರು ಮಾಡುತ್ತ ಬಂದದ್ದನ್ನೇ ನಾವೂ ಮಾಡಿದೆವು. ಸೂಲಗಿತ್ತಿ ಹಸನಬಿ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ಹಿತ್ತಲ ತಿಪ್ಪೆಯ ಮೇಲಿಟ್ಟು, ‘ಯಾರಿಗೂ ಬ್ಯಾಡಾದ ಕೂಸೈತಿ, ಬೇಕಾದವರು ಎತ್ತಿಕೊಳ್ರಿ’ ಎಂದು ಕೂಗಿದಳು. ಹಬ್ಬಕ್ಕೆ ತವರಿಗೆ ಬಂದಿದ್ದ ನೀನು ಎತ್ತಿಕೊಂಡೆ. ಐದನೆಯ ದಿನ ನಾನು ನಿನಗೆ ಒಂದು ಮೊರ ತೌಡು ಕೊಟ್ಟು ಕೂಸನ್ನು ಮರಳಿ ಕೊಂಡುಕೊಳ್ಳಬೇಕಿತ್ತು. ಹಾಗೆ ತೌಡಿಗೆ ಕೊಂಡ ತಿಪ್ಪಣ್ಣ, ತಿಪ್ಪವ್ವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇಲ್ಲ? ಅದು ಬರೀ ಆಟ, ವಿಧಿಗೆ ಹಾಕುವ ಟೊಪ್ಪಿಗೆ.

ಆದರೆ ನಮ್ಮತ್ತೆ ಬಂದು, ‘ಹಿಂದಿನವು ಮೂರೂ ವರ್ಷದೊಳಗ ಹೋಗ್ಯಾವ. ವರ್ಷ ತುಂಬಲಿ, ಆಮ್ಯಾಲೆ ತೌಡು ಕೊಡೂಣು. ಅಲ್ಲೀತನಾ ಇದು ನೀಲವ್ವನ ಕೂಸು’ ಎಂದರು. ನನಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿತ್ತು. ಮಕ್ಕಳಿಲ್ಲದ ನೀನು, ಆಡಿನ ಹಾಲು ಹಾಕಿ ಜೋಪಾನ ಮಾಡುತ್ತೇನೆ ಎಂದು ನರಗುಂದಕ್ಕೆ ಒಯ್ದೆ. ವರ್ಷ ತುಂಬಿದ ಮೇಲೆ ನಾವು ತೌಡಿನ ಗಂಟು ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದೆವು. ನಾವು ಹೊಸ್ತಿಲು ದಾಟುವಾಗಲೇ ಕೂಸಿನ ಮೈ ಕಾದ ಹಂಚಾಗಿತ್ತು. ಅತ್ತೆ ಗಂಟು ಬಿಚ್ಚಗೊಡಲಿಲ್ಲ. ಮುಂದೊಮ್ಮೆ ಮತ್ತೆ ಬಂದೆವು, ಅಂದೇ ಮೈತುಂಬ ದಡಾರ ಎದ್ದಿತ್ತು. ‘ವಿಧಿ ಕಿವಿಗೊಟ್ಟು ಕುಂತೈತಿ. ನಿಂದು ಅಂತ ಆತಂದ್ರ ಒಯ್ತೈತಿ’ ಎಂದರು ಅತ್ತೆ. ನಾನೂ ನಂಬಿದೆ, ನೀನೂ ನಂಬಿದೆ. ಆಮೇಲೆ ತೌಡಿನ ಮಾತನ್ನು ಯಾರೂ ಎತ್ತಲಿಲ್ಲ, ನನಗೆ ಬೇರೆ ಮಕ್ಕಳೂ ಆಗಲಿಲ್ಲ. ನನ್ನದಲ್ಲವಾದ್ದರಿಂದಲೇ ಬದುಕಿದೆ ಎಂದುಕೊಂಡು ನಾನು ವರ್ಷಕ್ಕೊಮ್ಮೆ ಚಿಗವ್ವನಾಗಿ ಬಂದು, ಚಹಾ ಕುಡಿದು, ಸಂಜೆಯ ಬಸ್ಸಿಗೆ ತಿರುಗಿ ಬರುತ್ತೇನೆ.

ಶಾಲೆಗೆ ಹಾಕುವಾಗ ತಿಪ್ಪವ್ವನನ್ನು ವಿಮಲಾ ಮಾಡಿದೆ. ತಿಪ್ಪವ್ವ ಎಂದರೆ ಹುಡುಗಿಯರು ನಗುತ್ತಾರೆ ಎಂದೆ. ನಾನೂ ಹೂಂ ಎಂದೆ. ಆದರೆ ಆ ಹೆಸರಿದ್ದಿದ್ದರೆ ಅವಳೇ ಎಂದಾದರೂ, ನನ್ನನ್ನು ಯಾರು ತಿಪ್ಪೆಯ ಮೇಲಿಟ್ಟರು ಎಂದು ಕೇಳುತ್ತಿದ್ದಳು. ಈಗ ಅದೂ ಇಲ್ಲ.

ಆದ್ದರಿಂದ ನನ್ನ ಮಾತು ಕೇಳು. ಈಗಲೇ ಹೇಳು ಎನ್ನುವುದಿಲ್ಲ. ಅವಳಿಗೆ ಬುದ್ಧಿ ಬಂದ ಮೇಲೆ, ಮದುವೆಗೆ ಮೊದಲು, ನೀನೇ ಹತ್ತಿರ ಕೂರಿಸಿಕೊಂಡು ಹೇಳಬೇಕು. ಗಂಡಾಗಿದ್ದರೆ ನಿಮ್ಮ ಹೊಲ, ಮನೆ, ಅಡತಿ ಅಂಗಡಿ ಸಿಕ್ಕರೆ ಸಾಕಿತ್ತು. ಹೆಣ್ಣಿಗೆ ತನ್ನ ತವರು ಯಾವುದೆಂದು ಗೊತ್ತಿರಬೇಕು. ಪಂಚಮಿಗೆ ಕರೆಯಲು ಯಾವ ಊರಿನಿಂದ ಬರುತ್ತಾರೆ, ಉಡಿ ಯಾರು ತುಂಬುತ್ತಾರೆ, ಬಸುರಿಯಾದಾಗ ಯಾರ ಮನೆಯಲ್ಲಿ ಕಾಲು ಚಾಚಿ ಮಲಗಬಹುದು, ಇದೆಲ್ಲ ತಿಳಿಯಬೇಕು. ನಿನ್ನ ಮನೆಯೇ ತವರಾಗಲಿ. ಇನ್ನೊಂದು ಬಾಗಿಲೂ ಇದೆಯೆಂದು ಗೊತ್ತಿರಲಿ, ಅಷ್ಟೆ. ಇದಕ್ಕೆ ನೀನು ಒಪ್ಪದಿದ್ದರೆ ನಾನು ಸಹಿ ಹಾಕಲು ರೋಣಕ್ಕೆ ಬರುವುದಿಲ್ಲ.

ಮಗುವಿಗೆ ನನ್ನ ಮುತ್ತು ಕೊಡು. ಉಂಡಿ ಕಳಿಸಿಲ್ಲ. ನೀನು ಬೇಡವೆಂದದ್ದಕ್ಕಲ್ಲ, ಅವು ಒಡೆದದ್ದಕ್ಕೆ.

ನಿನ್ನ
ಹೊನ್ನಿ


ಗಜೇಂದ್ರಗಡ
ತಾ. ೮-೧೧-೧೯೫೭

ಪ್ರೀತಿಯ ನೀಲಾ,

ಗುರುಸಂಗಪ್ಪನವರ ಕೈಯಲ್ಲಿ ಕಳಿಸಿದ ಪತ್ರ, ಕರದಂಟು ಎರಡೂ ಮುಟ್ಟಿದವು. ಕರದಂಟು ತಿಂದು ಪತ್ರಕ್ಕೆ ಉತ್ತರ ಬರೆಯದೆ ಕುಳಿತಳು ಎಂದು ಬೈಯಬೇಡ. ಹಬ್ಬದಲ್ಲಿ ಇವರ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು, ಒಲೆಯ ಮುಂದಿನಿಂದ ಏಳಲು ಆಗಲಿಲ್ಲ.

ನೀನು ಪತ್ರದಲ್ಲಿ ಬರೆಯದ್ದನ್ನು ನಿನ್ನ ಗಂಡ ಅಂಗಡಿಯಲ್ಲಿ ಕುಳಿತು ನಮ್ಮ ಮನೆಯವರಿಗೆ ಹೇಳಿಹೋದರು. ‘ಅಂದಾನಪ್ಪಾರ, ಆಕಿ ಸರಿಯಾಗಿ ಉಣ್ಣೂದಿಲ್ರಿ, ನಿದ್ದಿ ಮಾಡೂದಿಲ್ರಿ. ಹುಡಿಗಿಗೆ ಹೇಳಿದ ಮರುದಿನಾನ ಅದು ಗಜೇಂದ್ರಗಡದ ಬಸ್ ಹತ್ತಿ ಹೋಗತೈತಿ ಅಂತ ಅಂಜತಾಳ್ರಿ.’ ಇವರು ಊಟಕ್ಕೆ ಕುಳಿತಾಗ ಅದನ್ನು ನನಗೆ ಹೇಳಿದರು. ನನಗೆ ಮೊದಲು ನಗು ಬಂತು. ಚಿಕ್ಕಂದಿನಲ್ಲಿ ಬಾವಿಗೆ ಇಳಿದು ಬಿಂದಿಗೆ ತೆಗೆದ ನೀಲವ್ವ ಒಂದು ಹುಡುಗಿಯ ಬಾಯಿಗೆ ಅಂಜುತ್ತಾಳೆಯೇ ಎಂದೆ. ಆಮೇಲೆ ರೊಟ್ಟಿ ಬಡಿಯುತ್ತ ಅತ್ತುಬಿಟ್ಟೆ.

ಇವರು ಮಾತು ಕಡಿಮೆಯ ಮನುಷ್ಯ, ನಿನಗೆ ಗೊತ್ತಿದ್ದದ್ದೇ. ಆವತ್ತು ಹೇಳಿದರು: ‘ನೋಡ, ನೀ ಹಟ ಹಿಡದ್ರ ಕಾಗದ ಆಗೂದಿಲ್ಲ. ಕಾಗದ ಆಗದಿದ್ರ ಅವರ ಅಣ್ಣತಮ್ಮರು ನಾಳೆ ಹುಡಿಗೀನ ಹೊರಗ ಹಾಕತಾರ. ಆಕಿಗೆ ಹೇಳೂದು ಬಿಡೂದು ಆಮ್ಯಾಲಿನ ಮಾತು.’ ಆದ್ದರಿಂದ ಬರುತ್ತೇನೆ, ನೀಲಾ. ನಿನ್ನ ಬಾಯಿಂದ ಹೂಂ ಬರುವ ಮೊದಲೇ ಬರುತ್ತೇನೆ. ನನ್ನ ಮಾತನ್ನು ಮಾತ್ರ ನಾನು ಬಿಟ್ಟಿಲ್ಲ. ಅವಳಿಗೆ ಗೊತ್ತಾಗಬೇಕು, ನಿನ್ನಿಂದಲೇ ಗೊತ್ತಾಗಬೇಕು.

ಈಗ ಹೊಸದೊಂದು ತೊಡಕು ಬಂದಿದೆ, ನೀನು ನಗಬಹುದು. ಕಾಗದದ ಮಾತು ಕೇಳಿ ನಮ್ಮತ್ತೆ, ‘ಮರಳಿ ಕೊಂಡುಕೊಳ್ಳದ ಕೂಸನ್ನ ಹ್ಯಾಂಗ ಕೊಡತಿ? ತಿಪ್ಪಿ ಮ್ಯಾಲಿಂದ ಎತ್ತಿಕೊಂಡಾಕಿ ನೀಲವ್ವ. ಆಕೀದನ್ನ ಆಕಿಗೆ ಕೊಡಾಕ ನೀ ಯಾರು?’ ಎಂದರು. ಇವರು ರೋಣಕ್ಕೆ ಹೋದಾಗ ವಕೀಲರನ್ನು ಕೇಳಿದರಂತೆ. ಅವರು ಕನ್ನಡಕ ತೆಗೆದು, ‘ಕಾಯಿದೇಕ್ಕ ತೌಡು ಬೇಕಾಗಿಲ್ರಿ’ ಎಂದರಂತೆ. ಅತ್ತೆಗೆ ಬೇಕಾಗಿದೆ. ನಮ್ಮ ಮಠದ ಅಯ್ಯನವರೂ ಹಿರಿಯರ ಮಾತು ಸರಿ ಎಂದರು. ಹಾಗಾಗಿ ಎಳ್ಳಮಾವಾಸ್ಯೆ ಮುಗಿದ ಮೇಲೆ ಎಲ್ಲರೂ ಪುರ್ತಗೇರಿಯಲ್ಲಿ ಸೇರುವುದು. ಮೊದಲು ನಾನು ನಿನಗೆ ತೌಡು ಕೊಟ್ಟು ಅವಳನ್ನು ತೆಗೆದುಕೊಳ್ಳಬೇಕು. ಆಮೇಲೆ ನಿನ್ನ ಉಡಿಯಲ್ಲಿಡಬೇಕು. ಮರುದಿನ ರೋಣದಲ್ಲಿ ಸಹಿ.

ನನಗೆ ನಗು ಬರಲಿಲ್ಲ. ಒಂದು ಚಾಪೆಯಿಂದ ಇನ್ನೊಂದು ಚಾಪೆಗೆ ಹೋಗುವಷ್ಟು ಹೊತ್ತು ಅವಳು ನನ್ನವಳಾಗುತ್ತಾಳೆ. ಅಷ್ಟರಲ್ಲಿ ವಿಧಿಯ ಕಣ್ಣು ಬಿದ್ದರೆ ಏನು ಮಾಡಲಿ? ನಾನು ಲಗುಬಗೆಯಿಂದ ಕೊಟ್ಟುಬಿಡುತ್ತೇನೆ, ನೀನು ಚಾಪೆಯನ್ನು ಹತ್ತಿರವೇ ಹಾಸಿಸು. ಮಗುವಿಗೆ ಚಿಗವ್ವನ ಹರಕೆ ಇತ್ತು ಎಂದು ಹೇಳಿ ಕರೆದುಕೊಂಡು ಬಾ. ಚಳಿ ಇರುತ್ತದೆ, ಶಾಲು ಮರೆಯಬೇಡ.

ನಿನ್ನ
ಹೊನ್ನಿ


ಗಜೇಂದ್ರಗಡ
ತಾ. ೨೦-೧-೧೯೫೮

ಪ್ರೀತಿಯ ನೀಲಾ,

ಸಂಕ್ರಮಣದ ಎಳ್ಳುಬೆಲ್ಲದ ಜೊತೆ ಬಂದ ನಿನ್ನ ಪತ್ರ ಓದಿದೆ. ಕೈಗೆ ಎಣ್ಣೆ ಸಿಡಿದಿತ್ತು, ಅದಕ್ಕೇ ತಡವಾಯಿತು ಎಂದು ಬರೆಯಬೇಕೆಂದಿದ್ದೆ. ನಿನಗೆ ಸುಳ್ಳು ಹೇಳಿ ಏನು ಮಾಡಲಿ? ಬರೆಯುವ ಮನಸ್ಸಾಗಲಿಲ್ಲ.

ನೀನು ಪುರ್ತಗೇರಿಯಿಂದ ಹೊರಟ ಮೇಲಿನ ಸುದ್ದಿ ಕೇಳು. ಹಸನಬಿ ಇನ್ನೂ ಬಣವೆಯ ಪಕ್ಕ ನಿಂತು ವಾದ ಮಾಡುತ್ತಿದ್ದಾಳಂತೆ. ಹಳೆಯ ತಿಪ್ಪೆ ಯಾವ ಕಾಲಕ್ಕೋ ಹೊಲಕ್ಕೆ ಗೊಬ್ಬರವಾಗಿ ಹೋಯಿತು, ಆ ಜಾಗದಲ್ಲಿ ಬಣವೆ ಒಟ್ಟಿದ್ದಾರೆ ಎಂದು ನಮ್ಮ ಅಣ್ಣ ಎಷ್ಟು ಹೇಳಿದರೂ ಕೇಳಲಿಲ್ಲ. ‘ನಾ ಇಟ್ಟ ಜಾಗಾ ನನಗ ಗೊತ್ತಿಲ್ಲೇನು’ ಎನ್ನುತ್ತ ಕೋಲಿನಿಂದ ಒಮ್ಮೆ ಅಲ್ಲಿ ತೋರಿಸಿದಳು, ಒಮ್ಮೆ ಇಲ್ಲಿ ತೋರಿಸಿದಳು. ಪಾಪ, ಅವಳ ಕಣ್ಣಿಗೆ ಪೊರೆ ಬಂದಿದೆ. ನೀವು ಹೊರಡುವಾಗ ಮಗುವಿನ ಗಲ್ಲ ಸವರಿ ‘ಹೂಂ, ಅದ ಕೂಸು’ ಎಂದಳಲ್ಲ, ನೀನು ಮಗುವನ್ನು ಹತ್ತಿರ ಎಳೆದುಕೊಂಡದ್ದು ನನಗೆ ಕಂಡಿತು. ನಾನೇ ಅವಳ ಕೈಗೆ ಎಲೆ ಅಡಿಕೆ ಕೊಟ್ಟು ಅತ್ತ ಕರೆದೊಯ್ದೆ.

ಮೊರದ ತುಂಬ ತೌಡು ತಂದಿಟ್ಟಾಗ ವಿಮಲಾ, ‘ನಾ ಏನ್ ಎಮ್ಮಿ ಏನ ಚಿಗವ್ವ, ತೌಡು ತಂದೀ’ ಎಂದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ನಾನು ನಕ್ಕೆ. ಆ ತೌಡನ್ನು ಕೊನೆಗೆ ನಮ್ಮಣ್ಣನ ಎಮ್ಮೆಯೇ ತಿಂದಿತು. ನೀನು ಮೊರ ತೆಗೆದುಕೊಂಡೆ, ಅಯ್ಯನವರು ‘ಕೂಸು ಇನ್ನ ಹೊನ್ನವ್ವಂದು’ ಎಂದರು, ನೀನು ಅವಳನ್ನು ನನ್ನ ಕೈಗೆ ಕೊಟ್ಟೆ. ಅಷ್ಟು ದೊಡ್ಡ ಹುಡುಗಿಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಕೈಹಿಡಿದು ನಡೆಸಿದರೆ ಸಾಕಿತ್ತು. ನಾನು ಎತ್ತಿಕೊಂಡೆ. ಅವಳ ಕಾಲುಗಳು ನನ್ನ ಮೊಣಕಾಲಿಗೆ ಬಡಿಯುತ್ತಿದ್ದವು. ನಿನ್ನನ್ನು ಕೇಳದೆ ಅವಳನ್ನು ಮುಟ್ಟಿದ್ದು ಅದೇ ಮೊದಲು.

ಲಗುಬಗೆಯಿಂದ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದೆ, ಕೊಡಲಿಲ್ಲ. ನೀನು ಉಡಿಯೊಡ್ಡಿ ಕುಳಿತಿದ್ದೆ, ನಾನು ನಿನ್ನ ಎದುರಿಗೆ ನಿಂತೇ ಇದ್ದೆ. ಇವರು ಕೆಮ್ಮಿದರು. ಅತ್ತೆ ‘ಕೊಡ, ಹೊತ್ತಾತು’ ಎಂದರು. ವಿಧಿಯ ಹೆದರಿಕೆ ನೆನಪಿಗೇ ಬರಲಿಲ್ಲ. ಎಲ್ಲಿಯಾದರೂ ಹೋಗಿಬಿಡೋಣ ಎನಿಸಿತು, ಎಲ್ಲಿಗೆಂದು ಗೊತ್ತಿರಲಿಲ್ಲ. ನೀನು ಸೆರಗನ್ನು ಬಾಯಿಗಿಟ್ಟುಕೊಂಡು ಅಳತೊಡಗಿದೆ. ಆಗ ಅವಳು ನನ್ನ ಕಿವಿಯಲ್ಲಿ ಏನೋ ಹೇಳಿದಳು, ನಾನು ಬಗ್ಗಿ ನಿನ್ನ ಉಡಿಯಲ್ಲಿಟ್ಟೆ. ಏನು ಹೇಳಿದಳು ಎಂದು ನೀನು ಪತ್ರದಲ್ಲಿ ಕೇಳಿದ್ದೀಯ. ಅವಳನ್ನೇ ಕೇಳಿದರೆ, ಏನೂ ಇಲ್ಲ ಎನ್ನುತ್ತಾಳಂತೆ. ಹೇಳುತ್ತೇನೆ, ಅದಕ್ಕೆ ಮೊದಲು ನಿನ್ನ ಇನ್ನೊಂದು ಮಾತು.

ನೀನು ಬರೆದಿದ್ದೀಯ: ‘ಆವತ್ತು ನಿನ್ನ ಮುಖ ನೋಡಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ನೀನು ಹೇಳಿದಂತೆಯೇ ಆಗಲಿ. ಮದುವೆಗೆ ಮೊದಲು ನಾನೇ ಅವಳಿಗೆ ಎಲ್ಲವನ್ನೂ ಹೇಳುತ್ತೇನೆ. ಬರುವ ಪಂಚಮಿಗೆ ಗಜೇಂದ್ರಗಡಕ್ಕೆ ಕಳಿಸುತ್ತೇನೆ.’ ಇದನ್ನು ಬರೆಯಲು ನಿನಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು. ನಿನ್ನ ಹೊಟ್ಟೆ ತಣ್ಣಗಿರಲಿ. ಶ್ರಾವಣದಿಂದ ನಾನು ಜಗಳಾಡಿದ್ದೇ ಇದಕ್ಕಾಗಿ, ಈಗ ಗೆದ್ದೆ. ಆದರೆ ಬೇಡ, ನೀಲಾ. ಹೇಳಬೇಡ.

ಅವಳು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟೇ: ‘ಲಗೂ ಕೊಟ್ಟುಬಿಡ ಚಿಗವ್ವ, ನಮ್ಮವ್ವ ಅಳಾಕತ್ತಾಳ.’

ಸಿಟ್ಟಿನಿಂದ ಹೇಳಲಿಲ್ಲ. ನನ್ನ ಕೊರಳಿಗೆ ಕೈ ಹಾಕಿಕೊಂಡೇ, ಬೇಡಿಕೊಳ್ಳುವ ಹಾಗೆ ಹೇಳಿದಳು. ನಾನೂ ಅಳುತ್ತಿದ್ದೆ. ಅವಳಿಗೆ ಕಂಡದ್ದು ನಿನ್ನ ಅಳು. ಇದು ದೂರಲ್ಲ, ಮಗುವಿಗೆ ಅವ್ವನ ಅಳು ಮೊದಲು ಕಾಣದಿದ್ದರೆ ನೀನು ಸಾಕಿದ್ದರಿಂದ ಏನು ಬಂತು? ಆದರೆ ನಾಳೆ ನೀನು ಅವಳಿಗೆ ಹೇಳಿದರೆ, ಅವಳಿಗೆ ಮೊದಲು ನೆನಪಾಗುವುದು ಆ ಮಾತು. ಏಳು ವರ್ಷದವಳು, ಎಲ್ಲ ನೆನಪಿರುತ್ತದೆ. ಯಾರಿಗೆ ಹಾಗೆಂದೆ ಎಂದು ಅವಳು ಜೀವನವಿಡೀ ನೊಂದುಕೊಳ್ಳುವುದು ನನಗೆ ಬೇಡ. ಅವಳು ಅದನ್ನು ಚಿಗವ್ವನಿಗೆ ಹೇಳಿದ್ದು, ಚಿಗವ್ವನಿಗೇ ಹೇಳಿದಂತಿರಲಿ.

ಚಿಗವ್ವನಿಗೆ ಏನು ಸಲ್ಲುತ್ತದೋ ಅದನ್ನು ಮಾತ್ರ ಕೊಡು. ಪಂಚಮಿಗೆ ನಾನು ಉಂಡಿ ಕಳಿಸುತ್ತೇನೆ, ಯಾವ ಊರಿನ ಚಿಗವ್ವ ಕಳಿಸುವುದಿಲ್ಲ? ಮಂದಿ ಕೇಳಿದರೆ ಕೇಳಲಿ. ಮದುವೆಯಲ್ಲಿ ಉಡಿ ತುಂಬುವ ಐದು ಮಂದಿ ಮುತ್ತೈದೆಯರಲ್ಲಿ ನನ್ನನ್ನೂ ಒಬ್ಬಳನ್ನಾಗಿ ಕರೆ. ಮೊದಲಿಗೆ ಕರೆಯಬೇಡ, ನಡುವೆ ಎಲ್ಲಾದರೂ ಕರೆ.

ನಿನಗೂ ಗುರುಸಂಗಪ್ಪನವರಿಗೂ ಶರಣು. ನಿಮ್ಮ ಮಗಳು ವಿಮಲಾ ನೂರು ವರ್ಷ ಬಾಳಲಿ, ಮನೆ ತುಂಬ ಮಕ್ಕಳಾಗಲಿ, ಅವುಗಳಲ್ಲಿ ಒಂದೂ ತಿಪ್ಪೆಯ ಮುಖ ನೋಡದಿರಲಿ.

ನಿನ್ನ
ಹೊನ್ನಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಪುರ್ತಗೇರಿಯಿಂದ ಬಂದಾಗಿನಿಂದ ನಾನು ಅವಳ ಜ್ವರದ ಸುದ್ದಿಗಾಗಿ ಕಾಯುತ್ತಿದ್ದೆ. ಟಪಾಲಿನವನು ಓಣಿಯಲ್ಲಿ ಕಂಡರೆ ಒಳಗೆ ಹೋಗಿ ನಿಲ್ಲುತ್ತಿದ್ದೆ. ನಿನ್ನ ಪತ್ರವನ್ನು ಒಡೆಯುವ ಧೈರ್ಯವಾಗದೆ ದೇವರ ಮುಂದಿಟ್ಟಿದ್ದೆ, ಕೊನೆಗೆ ಇವರೇ ಒಡೆದು ಓದಿದರು. ‘ಏನೂ ಆಗಿಲ್ಲ. ಮರುದಿನ ಎದ್ದು ಸಜ್ಜಿ ರೊಟ್ಟಿ ತಿಂದು, ರೋಣದಾಗ ಪ್ಯಾಟಿ ನೋಡಿ, ಊರಿಗೆ ಹೋಗಿ ಸಾಲೀಗೂ ಹೋಗ್ಯಾಳಂತ’ ಎಂದರು. ಅತ್ತೆ ‘ಶಿವಾ’ ಎಂದು ಕೈ ಮುಗಿದರು. ನಾನೂ ಮುಗಿದೆ. ಆಮೇಲೆ ಒಲೆಯ ಮುಂದೆ ಕುಳಿತಾಗ ಹೊಳೆಯಿತು. ತೌಡು ಕೊಟ್ಟಾಗಿತ್ತು. ಎಲ್ಲರೆದುರು ಅಯ್ಯನವರು ಕೂಸು ಹೊನ್ನವ್ವನದು ಎಂದಾಗಿತ್ತು. ಕೊಡದೆ ಅಷ್ಟು ಹೊತ್ತು ನಾನು ಹಿಡಿದುಕೊಂಡೇ ನಿಂತಿದ್ದೆ. ಆದರೂ ಅವಳಿಗೆ ಜ್ವರ ಬರಲಿಲ್ಲ, ನೀಲಾ. ಹಾಗಾದರೆ ಅಂದು ತೌಡಿನ ಗಂಟು ತಂದಾಗ ಬಂದದ್ದೂ ಬರೀ ಜ್ವರ.